ಉದ್ದ ಬೀದಿಯ ಅಕೇಡಿಯನ್ನರು

ಕೆನಡಾದ ಪೂರ್ವ ತುದಿಯ ನೋವಾ ಸ್ಕೋಶಿಯಾ ತನ್ನ ಹೆಸರಲ್ಲೇ ಸ್ಕಾಟ್ಲೆಂಡನ್ನು ಇಟ್ಟುಕೊಂಡಿರುವ ಪ್ರಾಂತ್ಯ. ಆಫೀಸು, ಅಂಗಡಿ, ಆಸ್ಪತ್ರೆ ಎಲ್ಲಿ ಹೋದರೂ ಇಂಗ್ಲಿಷ್. ನಾನಿರುವ ಹ್ಯಾಲಿಫ್ಯಾಕ್ಸಿನಿಂದ ಪಶ್ಚಿಮಕ್ಕೆ ಸುಮಾರು ಮೂರು ಗಂಟೆ ಕಾರು ಓಡಿಸಿ, ಡಿಗ್ಬಿ ದಾಟಿ, ಹೆದ್ದಾರಿ ಬಿಟ್ಟು ಕಡಲಂಚಿನ ಹಳೇ ಒಂದನೇ ನಂಬರ್ ರಸ್ತೆಗೆ ಇಳಿದರೆ ಮಾತ್ರ ಲೆಕ್ಕವೇ ಬೇರೆ. ಕರೆಂಟ್ ಕಂಬಗಳಿಗೆ ನೀಲಿ, ಬಿಳಿ, ಕೆಂಪು ಬಣ್ಣ ಬಳಿದಿರುತ್ತಾರೆ. ನೀಲಿಯ ಮೇಲೊಂದು ಹಳದಿ ನಕ್ಷತ್ರ. ಇದು ಅಕೇಡಿಯನ್ನರ, ಅಂದರೆ ಹಿಂದೆ ಫ್ರಾನ್ಸಿನಿಂದ ಬಂದು ಇಲ್ಲಿ ನೆಲೆಸಿದವರ ಸಂತತಿಯ, ಬಾವುಟ, 1884ರಲ್ಲಿ ಅವರೇ ಸಭೆ ಸೇರಿ ಒಪ್ಪಿಕೊಂಡದ್ದು. ಅಂಚೆ ಡಬ್ಬಿ, ದೋಣಿ, ದನದ ಕೊಟ್ಟಿಗೆ, ಎಲ್ಲಿ ನೋಡಿದರೂ ಅದೇ ನಕ್ಷತ್ರ.

ಈ ಸೀಮೆಯ ಹೆಸರು ಕ್ಲೇರ್. ಅದೂ ಐರ್ಲೆಂಡಿನ ಒಂದು ಜಿಲ್ಲೆಯ ಹೆಸರು, ಆಗಿನ ಇಂಗ್ಲಿಷ್ ಅಧಿಕಾರಿಯೊಬ್ಬ ಇಟ್ಟು ಹೋದದ್ದು. ಊರಿನವರು ತಮ್ಮ ಜಾಗವನ್ನು ಬೇ ಸಾಂತ್ ಮರೀ, ಅಂದರೆ ಸಂತ ಮೇರಿ ಕೊಲ್ಲಿ, ಅಂತಲೇ ಕರೆಯುತ್ತಾರೆ. ಎಂಟು ಸಾವಿರದ ಆಸುಪಾಸು ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನರ ಮನೆಮಾತು ಫ್ರೆಂಚ್. ಊರಿಗೊಂದು ಪೇಟೆ, ಪೇಟೆಗೊಂದು ಚೌಕ ಅಂತೆಲ್ಲ ಇಲ್ಲ. ಒಂದು ಹಳ್ಳಿ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಬೋರ್ಡ್ ನೋಡಿಯೇ ತಿಳಿಯಬೇಕು. ಇಡೀ ಕ್ಲೇರ್ ಒಂದೇ ಉದ್ದ ಬೀದಿ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಕಾಡು.

ಮನೆತನದ ಹೆಸರುಗಳು ಕೈಬೆರಳಲ್ಲಿ ಎಣಿಸುವಷ್ಟು. ಕೊಮೊ, ತಿಬೊಡೊ, ಸೋನಿಯೆ, ಬೆಲ್ಲಿವೊ, ಲೆಬ್ಲಾಂ, ದೆವೊ, ಮೆಲಾಂಸೊಂ. ಹೀಗಿರುವಾಗ ಫೋನ್ ಪುಸ್ತಕ ಹಿಡಿದು ಯಾರನ್ನೂ ಹುಡುಕಲು ಆಗುವುದಿಲ್ಲ. ಅದಕ್ಕೇ ಜನ ಇಂಥವನ ಮಗ, ಅವನ ಮಗ, ಇವನು ಅಂತ ಅಜ್ಜನವರೆಗೂ ಹೆಸರು ಪೋಣಿಸಿ ಹೇಳುತ್ತಾರೆ. ಯಾರೋ ಸತ್ತ ಸುದ್ದಿ ಬಂದರೆ ಮೊದಲ ಹತ್ತು ನಿಮಿಷ ಯಾರು ಸತ್ತದ್ದು ಅಂತ ಖಚಿತ ಮಾಡಿಕೊಳ್ಳುವುದಕ್ಕೇ ಬೇಕು.

ಇವರು ಇಲ್ಲಿಗೆ ಬಂದದ್ದು ಇಷ್ಟಪಟ್ಟಲ್ಲ. 17ನೇ ಶತಮಾನದಲ್ಲಿ ಫ್ರಾನ್ಸಿನಿಂದ ಬಂದ ಇವರ ಹಿರಿಯರು ನೆಲೆ ನಿಂತದ್ದು ಫಂಡಿ ಕೊಲ್ಲಿಯ ಮೇಲಿನ ಭಾಗದ ಸಮೃದ್ಧ ಜೌಗು ನೆಲದಲ್ಲಿ. ಫಂಡಿಯ ಉಬ್ಬರ ಜಗತ್ತಿನಲ್ಲೇ ದೊಡ್ಡದು. ಆ ಉಪ್ಪುನೀರಿಗೆ ಏರಿ ಕಟ್ಟಿ, ಏರಿಯ ಕೆಳಗೆ ಟೊಳ್ಳು ಮಾಡಿದ ಮರದ ದಿಮ್ಮಿ ಇಟ್ಟು, ಅದಕ್ಕೊಂದು ಮುಚ್ಚಳ ಜೋಡಿಸುತ್ತಿದ್ದರು. ಇಳಿತದಲ್ಲಿ ಒಳಗಿನ ಸಿಹಿನೀರು ಮುಚ್ಚಳ ತಳ್ಳಿಕೊಂಡು ಹೊರಗೆ ಹೋಗುತ್ತದೆ. ಉಬ್ಬರ ಬಂದಾಗ ಕಡಲ ನೀರಿನ ಒತ್ತಡಕ್ಕೆ ಮುಚ್ಚಳ ತಾನಾಗಿ ಬಿಗಿಯುತ್ತದೆ. ಅಘನಾಶಿನಿ ದಂಡೆಯ ಗಜನಿ ಗದ್ದೆಗಳನ್ನು ನೋಡಿದವರಿಗೆ ಈ ಕಸುಬು ಬಿಡಿಸಿ ಹೇಳಬೇಕಾಗಿಲ್ಲ. ಒಂದೆರಡು ಮಳೆಗಾಲ, ಚಳಿಗಾಲ ಕಳೆದು ಉಪ್ಪು ತೊಳೆದು ಹೋದರೆ ಬಂಗಾರದಂಥ ನೆಲ.

1755ರಲ್ಲಿ ಬ್ರಿಟಿಷರು ಇವರನ್ನು ಆ ನೆಲದಿಂದ ಎಬ್ಬಿಸಿದರು. ಇಂಗ್ಲೆಂಡಿನ ರಾಜನಿಗೆ ಷರತ್ತಿಲ್ಲದ ನಿಷ್ಠೆಯ ಪ್ರಮಾಣ ಮಾಡಲಿಲ್ಲ ಅನ್ನುವುದು ಕಾರಣ. ಮನೆ, ಕಣಜ ಸುಟ್ಟರು. ಜನರನ್ನು ಹಡಗಿಗೆ ತುಂಬಿ ಅಮೆರಿಕದ ವಸಾಹತುಗಳಿಗೆ, ಆಮೇಲೆ ಇಂಗ್ಲೆಂಡಿಗೆ, ಫ್ರಾನ್ಸಿಗೆ ಸಾಗಿಸಿದರು. 1763ರವರೆಗೆ ನಡೆದ ಈ ಗಡೀಪಾರಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಚದುರಿಹೋದರು. ಎಷ್ಟೋ ಜನ ಹಡಗಿನಲ್ಲೇ ರೋಗ ಬಂದು ಸತ್ತರು. ಕೊನೆಗೆ 1764ರಲ್ಲಿ ವಾಪಸ್ ಬರಬಹುದು ಅಂತ ಅಪ್ಪಣೆಯಾಯಿತು. ಅದಕ್ಕೂ ಷರತ್ತು: ಪ್ರಮಾಣ ಮಾಡಬೇಕು, ಒಂದೇ ಕಡೆ ಗುಂಪಾಗಿ ಇರಬಾರದು. ಅಷ್ಟೊತ್ತಿಗೆ ಇವರ ಹಳೇ ಗದ್ದೆಗಳನ್ನು ನ್ಯೂ ಇಂಗ್ಲೆಂಡಿನಿಂದ ಕರೆತಂದ ರೈತರಿಗೆ ಹಂಚಿ ಆಗಿತ್ತು. ಇವರ ಪಾಲಿಗೆ ಬಂದದ್ದು ಈ ಕಲ್ಲು ದಂಡೆ.

1768ರಲ್ಲಿ ಜೋಸೆಫ್ ದುಗಾ ಅನ್ನುವವನ ಸಂಸಾರ ಮೊದಲು ಬಂತು. ಅವನ ಹಿಂದೆ ಉಳಿದವರು. ಮೊದಲ ಚಳಿಗಾಲಗಳಲ್ಲಿ ಹೊಟ್ಟೆ ತುಂಬಿಸಿದ್ದು ಇಳಿತದಲ್ಲಿ ಮರಳು ಕೆದಕಿದರೆ ಸಿಗುವ ದೊಡ್ಡ ದೊಡ್ಡ ಚಿಪ್ಪಿನ ಮರುವಾಯಿ. ಆ ಜಾಗಕ್ಕೆ ಇವತ್ತಿಗೂ ಗ್ರೋಸ್ ಕೋಕ್, ಅಂದರೆ ದೊಡ್ಡ ಮರುವಾಯಿ, ಅನ್ನುವುದೇ ಹೆಸರು. ಗದ್ದೆ ಮಾಡುತ್ತಿದ್ದ ಜನ ಒಂದು ತಲೆಮಾರಿನಲ್ಲಿ ಮೀನುಗಾರರಾದರು, ಮರ ಕೊಯ್ಯುವವರಾದರು, ದೋಣಿ ಕಟ್ಟುವವರಾದರು. ಬೇರೆ ದಾರಿ ಇರಲಿಲ್ಲ.

ಒಳ್ಳೆಯ ಜಮೀನು ಸಿಕ್ಕಿದ್ದರೆ ಇವರ ಭಾಷೆ ಇಷ್ಟು ದಿನ ಉಳಿಯುತ್ತಿತ್ತೇ ಅಂತ ನನಗೆ ಅನುಮಾನ. ಈ ದಂಡೆ ಯಾರಿಗೂ ಬೇಕಾಗಿರಲಿಲ್ಲ. ಹಾಗಾಗಿ ಯಾರೂ ಬಂದು ಮೇಲೆ ಬೀಳಲಿಲ್ಲ.

ಈ ಜನರನ್ನು ಸುತ್ತಲಿನವರು ಹೇಗೆ ನೋಡುತ್ತಿದ್ದರು ಅನ್ನುವುದಕ್ಕೆ ಒಂದು ವಿಚಿತ್ರ ಕಥೆ ಇದೆ. 1863ರಲ್ಲಿ ಕೊಲ್ಲಿಯ ಆಚೆ ದಡದ ಸ್ಯಾಂಡಿ ಕೋವ್ ಅನ್ನುವ ಇಂಗ್ಲಿಷ್ ಹಳ್ಳಿಯ ಮರಳಿನಲ್ಲಿ ಒಬ್ಬ ಯುವಕ ಸಿಕ್ಕ. ಎರಡೂ ಕಾಲು ಕತ್ತರಿಸಿ, ಬ್ಯಾಂಡೇಜ್ ಕಟ್ಟಿತ್ತು. ಮಾತು ಹೊರಡದು. ಬಾಯಿಂದ ಬಂದ ಗೊಣಗಾಟದಲ್ಲಿ 'ಜೆರೋಮ್' ಅಂತ ಕೇಳಿಸಿತು, ಅದೇ ಹೆಸರಾಯಿತು. ನೋಡಲು ಮೆಡಿಟರೇನಿಯನ್ ಕಡೆಯವನ ಹಾಗಿದ್ದಾನೆ, ಕ್ಯಾಥೊಲಿಕ್ ಇರಬೇಕು ಅಂದವರೇ ಅವನನ್ನು ಈಚೆ ದಡದ ಮೆಟೆಗನ್ನಿಗೆ ದಾಟಿಸಿಬಿಟ್ಟರು! ಹೊರಗಿನವನಾ, ಹಾಗಾದರೆ ಫ್ರೆಂಚರ ಹತ್ತಿರ ಕಳಿಸಿ. ಅವನು ಯಾರು, ಎಲ್ಲಿಂದ ಬಂದ ಅನ್ನುವುದು ಯಾರಿಗೂ ಗೊತ್ತಾಗಲೇ ಇಲ್ಲ. ಸರ್ಕಾರ ಕೊಡುತ್ತಿದ್ದ ಚೂರುಪಾರು ಭತ್ಯೆಯಲ್ಲಿ ಕ್ಲೇರಿನ ಮನೆಗಳು ಅವನನ್ನು ಸಾಕಿದವು. 1912ರಲ್ಲಿ ಸತ್ತ. ಮೆಟೆಗನ್ ಚರ್ಚಿನ ಸ್ಮಶಾನದಲ್ಲಿ ಅವನ ಹೆಸರಿನ ಕಲ್ಲು ಇದೆ.

ಈ ಬೀದಿಯಲ್ಲಿ ಕಾರು ನಿಲ್ಲಿಸಲೇಬೇಕಾದ ಜಾಗ ಪ್ವಾಂತ್ ದ ಲೆಗ್ಲೀಸ್. ಅಲ್ಲಿನ ಸಾಂತ್ ಮರೀ ಚರ್ಚನ್ನು ಉತ್ತರ ಅಮೆರಿಕದ ಅತಿ ದೊಡ್ಡ ಮರದ ಚರ್ಚು ಅನ್ನುತ್ತಾರೆ. 1903ರಿಂದ 1905ರವರೆಗೆ ಎರಡೇ ವರ್ಷದಲ್ಲಿ ಎದ್ದದ್ದು. ಗೋಪುರ ಸುಮಾರು 56 ಮೀಟರ್. ನಕ್ಷೆ ಬಂದದ್ದು ಫ್ರಾನ್ಸಿನ ವಾಸ್ತುಶಿಲ್ಪಿಯಿಂದ. ಆದರೆ ಫ್ರಾನ್ಸಿನಲ್ಲಿ ಕಲ್ಲಿನಲ್ಲಿ ಕಟ್ಟುವಂಥದ್ದನ್ನು ಇಲ್ಲಿ ಮರದಲ್ಲಿ ಕಟ್ಟಬೇಕಿತ್ತು. ಆ ಹೊಣೆ ಹೊತ್ತವನು ಲೆಯೊ ಮೆಲಾಂಸೊಂ ಅನ್ನುವ ಊರಿನ ಬಡಗಿ. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಊರಿನ ಜನ ಕೂಲಿ ಇಲ್ಲದೆ ಕೈಜೋಡಿಸಿದರು.

ಒಳಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಕಂಬಗಳು. ದುಂಡಗೆ, ಬೆಳ್ಳಗೆ, ಅಮೃತಶಿಲೆ ಅಂತಲೇ ಅನಿಸಬೇಕು. ಗಾರೆ ಕೆರೆದರೆ ಒಳಗಿರುವುದು ಇಡೀ ಮರದ ಕಾಂಡ. ಗೋಪುರದ ಬುಡದಲ್ಲಿ ಸುಮಾರು 40 ಟನ್ ಕಲ್ಲು ತುಂಬಿದ್ದಾರೆ. ಕೊಲ್ಲಿಯ ಗಾಳಿಗೆ ಗೋಪುರ ವಾಲಬಾರದಲ್ವಾ? ಹಾಯಿಹಡಗಿನ ತಳಕ್ಕೆ ಭಾರ ತುಂಬುವ ಉಪಾಯವೇ ಇದು. ಹಡಗು ಕಟ್ಟಿದ ಕೈಗಳು ಚರ್ಚು ಕಟ್ಟಿದಾಗ ಇನ್ನೇನು ಮಾಡಿಯಾವು. ಗಾಳಿ ಜೋರಾದಾಗ ಗೋಪುರ ತೊನೆಯುತ್ತದೆ, ಮತ್ತೆ ನೆಟ್ಟಗಾಗುತ್ತದೆ.

ಇಲ್ಲಿಂದ ಉತ್ತರಕ್ಕೆ ಇದೇ ರಸ್ತೆಯಲ್ಲಿ ಸಾಂ ಬೆರ್ನಾರ್ ಅನ್ನುವ ಹಳ್ಳಿ. ಅಲ್ಲಿ ಹಟ ಇನ್ನೊಂದು ಥರದ್ದು. ಕಗ್ಗಲ್ಲಿನ ಚರ್ಚು, 1910ರಲ್ಲಿ ಶುರು, 1942ರಲ್ಲಿ ಮುಕ್ತಾಯ. ಪುಟ್ಟ ಹಳ್ಳಿ, 32 ವರ್ಷ! ನೋಡಲು ಭಾರ ಭಾರ. ನನಗೆ ಮರದ್ದೇ ಇಷ್ಟ.

ಆದರೆ ಮರದ ಚರ್ಚಿನ ಕಥೆ ಚೆನ್ನಾಗಿ ಮುಂದುವರಿಯಲಿಲ್ಲ. ಚಾವಣಿ ಸೋರಿತು, ಮರ ಕೊಳೆಯಿತು. ರಿಪೇರಿಗೆ ಹಲವು ಮಿಲಿಯನ್ ಡಾಲರ್ ಬೇಕು ಅಂದರು. ಚರ್ಚಿಗೆ ಬರುವವರು ವರ್ಷ ವರ್ಷ ಕಮ್ಮಿಯಾಗುತ್ತಿದ್ದರು. 2019ರ ಡಿಸೆಂಬರಿನಲ್ಲಿ ಕೊನೆಯ ಪೂಜೆ ಆಯಿತು. ಉಳಿಸಬೇಕು ಅಂತ ಊರಿನ ಕೆಲವರು ಓಡಾಡಿದರು, ಬೇಕಾದಷ್ಟು ಹಣ ಕೂಡಲಿಲ್ಲ. ಆಮೇಲೆ ಮಾರಾಟಕ್ಕಿಟ್ಟರು.

ನೂರು ವರ್ಷದ ಹಿಂದೆ ಯಾರನ್ನು ಕೇಳಿದ್ದರೂ ಚರ್ಚು ಹೋದ ದಿನ ಫ್ರೆಂಚೂ ಹೋಯಿತು ಅನ್ನುತ್ತಿದ್ದರು. ಆಗ ಅದು ಸುಳ್ಳೂ ಆಗಿರಲಿಲ್ಲ. 1799ರಲ್ಲಿ ಸಿಗೋಞ್ ಅನ್ನುವ ಪಾದ್ರಿ ಫ್ರಾನ್ಸಿನ ಕ್ರಾಂತಿಯಿಂದ ತಪ್ಪಿಸಿಕೊಂಡು ಇಲ್ಲಿಗೆ ಬಂದ. 1844ರಲ್ಲಿ ಸಾಯುವವರೆಗೂ ಇಲ್ಲೇ ಇದ್ದ. ಪೂಜೆ ಮಾಡಿಸಿದ, ಜಗಳ ಬಿಡಿಸಿದ, ನ್ಯಾಯಾಧೀಶನ ಕೆಲಸ ಮಾಡಿದ. ಈ ನೆಲದ ಮೂಲನಿವಾಸಿಗಳಾದ ಮಿಗ್‌ಮಾ ಜನರ ಭಾಷೆಯನ್ನೂ ಕಲಿತ. 1890ರಲ್ಲಿ ಅವನ ನೆನಪಿಗೆ ಪಾದ್ರಿಗಳು ಕಟ್ಟಿದ ಕಾಲೇಜೇ ಈಗಿನ ಸಾಂತ್ ಆನ್ ವಿಶ್ವವಿದ್ಯಾಲಯ, ನೋವಾ ಸ್ಕೋಶಿಯಾದ ಒಂದೇ ಒಂದು ಫ್ರೆಂಚ್ ವಿಶ್ವವಿದ್ಯಾಲಯ. ಆದರೆ ಈಗ ಚರ್ಚಿನ ಬಾಗಿಲಿಗೆ ಬೀಗ ಬಿದ್ದಿದೆ, ಬೀದಿಯಲ್ಲಿ ಫ್ರೆಂಚ್ ಹಾಗೇ ಇದೆ. ಹೇಗೆ?

ನನ್ನ ಉತ್ತರ ದೋಣಿಗಳು ನಿಲ್ಲುವ ಧಕ್ಕೆಯಲ್ಲಿದೆ. ಇಲ್ಲಿ ಕಡಲಿನ ಕೆಲಸ ಫ್ರೆಂಚಿನಲ್ಲಿ ನಡೆಯುತ್ತದೆ. ದೋಣಿಯ ಯಜಮಾನ ಫ್ರೆಂಚ್ ಆಡುತ್ತಾನೆ, ಎಂಜಿನ್ ರಿಪೇರಿಯವನು ಫ್ರೆಂಚ್ ಆಡುತ್ತಾನೆ, ಮೆಟೆಗನ್ ಹೊಳೆ ಸೇರುವಲ್ಲಿ 1938ರಿಂದ ಇರುವ ದೋಣಿ ಕಾರ್ಖಾನೆ ಅಲ್ಲೇ ಪಕ್ಕ. ಸಂಬಳ ಕೊಡುವವನೂ ತೆಗೆದುಕೊಳ್ಳುವವನೂ ಒಂದೇ ಮಾತಿನವರಾದರೆ ಭಾಷೆ ಉಳಿಸಿ ಅಂತ ಯಾರೂ ಭಾಷಣ ಮಾಡಬೇಕಾಗಿಲ್ಲ. ಅಭಿಮಾನ ಇಲ್ಲ ಅಂತಲ್ಲ. ಆಗಸ್ಟ್ 15ರಂದು, ಅಕೇಡಿಯನ್ನರ ಹಬ್ಬದ ದಿನ, ಪಾತ್ರೆ ಪಗಡಿ ಬಡಿದುಕೊಂಡು ಬೀದಿ ತುಂಬ ಗಲಾಟೆ ಎಬ್ಬಿಸುತ್ತಾರೆ. ಕಿವಿ ಮುಚ್ಚಿಕೊಳ್ಳಬೇಕು. ಆದರೆ ಅದು ವರ್ಷಕ್ಕೊಂದು ದಿನದ ಮಾತು.

ಲಾಬ್‌ಸ್ಟರ್, ಅಂದರೆ ದೊಡ್ಡ ಸಿಗಡಿಯಂಥ ಕಡಲ ಪ್ರಾಣಿ, ಹಿಡಿಯುವ ಹಂಗಾಮು ನವೆಂಬರಿನ ಕೊನೆಯ ಸೋಮವಾರ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ. ಹವಾಮಾನ ಕೆಟ್ಟರೆ ಆರಂಭವನ್ನು ಮುಂದೆ ಹಾಕುತ್ತಾರೆ. ಆ ಬೆಳಗಿನ ಜಾವ ಧಕ್ಕೆಯಲ್ಲಿ ನಿಂತು ನೋಡಬೇಕು. ಒಂದೊಂದು ದೋಣಿಗೆ 375 ಬೋನುಗಳ ಲೈಸೆನ್ಸ್. ಅವನ್ನು ಡೆಕ್ ಮೇಲೆ ಒಂದರ ಮೇಲೊಂದು ಹೇರಿ, ಹಗ್ಗದ ಸಿಂಬೆ, ತೇಲುಬುರುಡೆ ಎಲ್ಲ ತುರುಕಿರುತ್ತಾರೆ. ದೋಣಿ ನೀರಿಗೆ ಅಷ್ಟಷ್ಟೇ ಮೇಲೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಹೆಂಡತಿ ಮಕ್ಕಳು ಧಕ್ಕೆಯ ಅಂಚಿನಲ್ಲಿ ಕಾಫಿ ಲೋಟ ಹಿಡಿದು ನಿಂತಿರುತ್ತಾರೆ. ಲೈಟು ಹಾಕಿಕೊಂಡು ದೋಣಿಗಳು ಸಾಲಾಗಿ ಹೊರಡುತ್ತವೆ. ವರ್ಷದಲ್ಲಿ ಜಾಸ್ತಿ ಅಪಾಯದ ದಿನ ಅದು, ಎಲ್ಲರಿಗೂ ಗೊತ್ತು. ಆಮೇಲೆ ಬೋನು ಎತ್ತುವಾಗ ಪ್ರತಿ ಲಾಬ್‌ಸ್ಟರಿನ ಬೆನ್ನಿನ ಚಿಪ್ಪನ್ನು ಅಳತೆಪಟ್ಟಿ ಇಟ್ಟು ನೋಡಬೇಕು. ಕಣ್ಣಿನ ಗುಳಿಯಿಂದ ಚಿಪ್ಪಿನ ಹಿಂದಿನ ಅಂಚಿಗೆ 82.5 ಮಿಲಿಮೀಟರ್ ಇಲ್ಲದಿದ್ದರೆ ವಾಪಸ್ ನೀರಿಗೆ. ಹೊಟ್ಟೆಯಡಿ ಮೊಟ್ಟೆ ಇದ್ದರೆ ಅದೂ ವಾಪಸ್.

ಇದೇ ಧಕ್ಕೆಯ ಇನ್ನೊಂದು ಮುಖವನ್ನೂ ಹೇಳಬೇಕು. 1999ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಮಾರ್ಷಲ್ ತೀರ್ಪಿನಲ್ಲಿ, ಹಳೆಯ ಒಪ್ಪಂದಗಳ ಪ್ರಕಾರ ಮಿಗ್‌ಮಾ ಜನರಿಗೆ ಮೀನು ಹಿಡಿದು ಹದವಾದ ಜೀವನ ನಡೆಸುವ ಹಕ್ಕಿದೆ ಅಂದಿತು. ಹದ ಅಂದರೆ ಎಷ್ಟು ಅಂತ ಯಾವ ಸರ್ಕಾರವೂ ಸರಿಯಾಗಿ ಇತ್ಯರ್ಥ ಮಾಡಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸಿಪೆಕ್ನೆಕಾತಿಕ್ ಅನ್ನುವ ಮಿಗ್‌ಮಾ ಪಂಗಡದವರು ಕ್ಲೇರಿನ ಸೋನಿಯೆವಿಲ್ ಧಕ್ಕೆಯಿಂದಲೇ ತಮ್ಮ ಲಾಬ್‌ಸ್ಟರ್ ಬೇಟೆ ಶುರು ಮಾಡಿದರು. ಆಗ ಲೈಸೆನ್ಸಿನ ಹಂಗಾಮು ಇರಲಿಲ್ಲ. ಊರಿನ ಮೀನುಗಾರರು ಸಿಟ್ಟಿಗೆದ್ದರು. ದೋಣಿಗೆ ದೋಣಿ ಅಡ್ಡ ಬಂತು, ಬೋನು ಕಿತ್ತರು. ಮುಂದಿನ ತಿಂಗಳು ಈ ಪ್ರದೇಶದಲ್ಲಿ ಲಾಬ್‌ಸ್ಟರ್ ಇಡುವ ಒಂದು ಗೋದಾಮಿಗೇ ಬೆಂಕಿ ಬಿತ್ತು.

ಗಡೀಪಾರಿನ ವರ್ಷಗಳಲ್ಲಿ ಕಾಡಿನಲ್ಲಿ ಅಡಗಿದ್ದ ಅಕೇಡಿಯನ್ನರಿಗೆ ಆಸರೆ ಕೊಟ್ಟವರು ಮಿಗ್‌ಮಾ ಜನ. ಅದನ್ನು ಇವರು ಮರೆತಿಲ್ಲ, ಪ್ರತಿ ಸಮಾರಂಭದಲ್ಲೂ ಹೇಳುತ್ತಾರೆ. ಹಾಗಿದ್ದೂ 2020ರಲ್ಲಿ ನಡೆದದ್ದು ನಡೆಯಿತು. ನೊಂದವರ ಮಕ್ಕಳು ಇನ್ನೊಬ್ಬರ ನೋವನ್ನು ತಾವಾಗಿ ಅರಿಯುತ್ತಾರೆ ಅನ್ನುವ ನಂಬಿಕೆ ನನಗೆ ಮೊದಲೂ ಅಷ್ಟಾಗಿ ಇರಲಿಲ್ಲ. ಮೀನುಗಾರರ ಕಡೆಯಿಂದ ನೋಡಿದರೆ, ಹಂಗಾಮಿನ ನಿಯಮಕ್ಕೆ ತಲೆಬಾಗಿ ಸಾಲ ಮಾಡಿ ಲೈಸೆನ್ಸ್ ಕೊಂಡವರು ಅವರು. ಅವರ ಹೆದರಿಕೆ ಸುಳ್ಳಲ್ಲ. ಬೆಂಕಿ ಮಾತ್ರ ಯಾವ ಕಡೆಯಿಂದ ನೋಡಿದರೂ ಬೆಂಕಿಯೇ.

ಇನ್ನು ಶಾಲೆಯ ವಿಷಯ. ಕನ್ನಡದವನಾಗಿ ನನಗೆ ಇಡೀ ಕ್ಲೇರಿನಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದೇ. ಕೆನಡಾದ ಸಂವಿಧಾನದ 1982ರ ಹಕ್ಕುಪತ್ರ ಪ್ರತಿ ಪ್ರಾಂತ್ಯದ ಇಂಗ್ಲಿಷ್ ಇಲ್ಲವೇ ಫ್ರೆಂಚ್ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಶಾಲೆ ಕೊಟ್ಟಿದೆ. 1996ರಲ್ಲಿ ನೋವಾ ಸ್ಕೋಶಿಯಾದ ಫ್ರೆಂಚ್ ಶಾಲೆಗಳಿಗೆಲ್ಲ ಸೇರಿ ಒಂದು ಪ್ರತ್ಯೇಕ ಮಂಡಳಿ ಆಯಿತು. ಆದರೆ ಹೈಸ್ಕೂಲುಗಳನ್ನು ಪೂರಾ ಫ್ರೆಂಚಿಗೆ ತಿರುಗಿಸುವ ಕೆಲಸವನ್ನು ಸರ್ಕಾರ ತಳ್ಳುತ್ತಾ ಬಂತು. ಕೆಲವು ತಂದೆತಾಯಿಗಳು ಕೋರ್ಟಿಗೆ ಹೋದರು. ಕ್ಲೇರ್ ಕೂಡ ಆ ಕೇಸಿನಲ್ಲಿತ್ತು. 2000ದಲ್ಲಿ ನ್ಯಾಯಾಧೀಶರು ಇಂಥ ದಿನದೊಳಗೆ ಶಾಲೆ ಆಗಬೇಕು ಅಂದರು. ಅಷ್ಟಕ್ಕೇ ಬಿಡಲಿಲ್ಲ, ಕೆಲಸ ಎಲ್ಲಿಗೆ ಬಂತು ಅಂತ ಆಗಾಗ ನನ್ನ ಮುಂದೆ ಬಂದು ಹೇಳಿ ಅಂತಲೂ ಸರ್ಕಾರಕ್ಕೆ ಹೇಳಿದರು. ತೀರ್ಪು ಕೊಟ್ಟ ಮೇಲೂ ನ್ಯಾಯಾಧೀಶ ಹೀಗೆ ಬೆನ್ನು ಹತ್ತಬಹುದೇ ಅನ್ನುವುದು ಸುಪ್ರೀಂ ಕೋರ್ಟಿಗೆ ಹೋಯಿತು. 2003ರಲ್ಲಿ ಐವರು ಹೌದು ಅಂದರು, ನಾಲ್ವರು ಬೇಡ ಅಂದರು. ಒಂದೇ ಒಂದು ಮತದಲ್ಲಿ ಉಳಿದ ತೀರ್ಪು ಅದು.

ಇಷ್ಟೇ ಆಗಿದ್ದರೆ ಸರ್ಕಾರದ ವಿರುದ್ಧ ಜನ ಗೆದ್ದರು ಅಂತ ಮುಗಿಸಬಹುದಿತ್ತು. ಆದರೆ ಪೂರಾ ಫ್ರೆಂಚ್ ಶಾಲೆ ಬೇಡ ಅಂದವರಲ್ಲಿ ಅಕೇಡಿಯನ್ ತಂದೆತಾಯಿಗಳೇ ಇದ್ದರು. ಮನೆಯಲ್ಲಿ ಫ್ರೆಂಚ್ ಇದ್ದೇ ಇದೆ, ಶಾಲೆಯಲ್ಲಿ ಇಂಗ್ಲಿಷ್ ಕಲಿಯಲಿ, ಇಲ್ಲದಿದ್ದರೆ ಹ್ಯಾಲಿಫ್ಯಾಕ್ಸಿನಲ್ಲಿ ಕೆಲಸ ಯಾರು ಕೊಡುತ್ತಾರೆ? ಈ ಮಾತನ್ನು ನಾನು ಎಲ್ಲೋ ಕೇಳಿದ್ದೇನೆ ಅನಿಸಿತು. ಎಲ್ಲೋ ಏನು, ನಮ್ಮ ಮನೆ ಜಗಲಿಯಲ್ಲೇ. ನಮ್ಮಲ್ಲಿ ಕನ್ನಡ ಮಾಧ್ಯಮದ ಕೇಸು 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿದಾಗ, ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ, ಆಯ್ಕೆ ತಂದೆತಾಯಿಯದು ಅಂತ ತೀರ್ಪಾಯಿತು. ಅಲ್ಲಿ ಕೋರ್ಟು ಶಾಲೆ ಕಟ್ಟಿಸಿ ಅಂದಿತು, ಇಲ್ಲಿ ಕೋರ್ಟು ಬಲವಂತ ಬೇಡ ಅಂದಿತು. ಎರಡೂ ಹಕ್ಕಿನ ಮಾತೇ. ಯಾವುದು ಸರಿ ಅಂತ ಕೇಳಿದರೆ, ಕ್ಲೇರಿನಲ್ಲಿ ಶಾಲೆ ಬಂದ ಮೇಲೆ ಆ ಗುಲ್ಲು ತಣ್ಣಗಾಯಿತು ಅನ್ನುವುದನ್ನಷ್ಟೇ ನಾನು ಮುಂದಿಡಬಲ್ಲೆ. ಸುತ್ತಲೂ ಇಂಗ್ಲಿಷ್ ಸಮುದ್ರದ ಹಾಗೆ ಇರುವಾಗ ಅಲ್ಲಿನ ಮಕ್ಕಳು ಇಂಗ್ಲಿಷ್ ಕಲಿಯದೇ ಉಳಿಯುವುದು ಸಾಧ್ಯವೇ ಇರಲಿಲ್ಲ.

ವೋಟಿನ ಕಥೆ ಚಿಕ್ಕದು. ಜನಸಂಖ್ಯೆ ಕಮ್ಮಿ ಇದ್ದರೂ ಅಕೇಡಿಯನ್ನರ ದನಿ ಇರಲಿ ಅಂತ ಕ್ಲೇರಿಗೆ ಪ್ರಾಂತ್ಯದ ಸಭೆಯಲ್ಲಿ ಒಂದು ಸ್ವಂತ ಕ್ಷೇತ್ರ ಇತ್ತು. 2012ರಲ್ಲಿ ಎಲ್ಲ ಕ್ಷೇತ್ರಗಳೂ ಸಮ ಇರಬೇಕು ಅಂತ ಅದನ್ನು ಪಕ್ಕದ ಇಂಗ್ಲಿಷ್ ಪ್ರದೇಶಕ್ಕೆ ಸೇರಿಸಿದರು. ಮತ್ತೆ ಕೋರ್ಟು. 2017ರಲ್ಲಿ ಮೇಲ್ಮನವಿ ಕೋರ್ಟು, ಗಡಿ ಬರೆಯುವ ಆಯೋಗದ ಕೈಯನ್ನು ಸರ್ಕಾರ ಕಟ್ಟಿಹಾಕಿದ್ದು ತಪ್ಪು ಅಂದಿತು. ಕ್ಷೇತ್ರ ವಾಪಸ್ ಬಂತು. 2021ರ ಚುನಾವಣೆಯಲ್ಲಿ ಗೆದ್ದವರು ಅದಕ್ಕೂ ಮುಂಚೆ ಇದೇ ಕ್ಲೇರ್ ಸ್ಥಳೀಯ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ನೀರಿನ ಕೊಳವೆ, ಕಸದ ಗಾಡಿ, ರಸ್ತೆ ದೀಪದ ಚರ್ಚೆಯನ್ನು ಫ್ರೆಂಚಿನಲ್ಲಿ ಮಾಡಿ ಪಳಗಿದವರು. ಇಲ್ಲಿನ ಸ್ಥಳೀಯ ಆಡಳಿತ ಎರಡೂ ಭಾಷೆಯಲ್ಲಿ ನಡೆಯುತ್ತದೆ. ಜನ ಅರ್ಜಿ ಹಿಡಿದು ಹೋದಾಗ ಭಾಷೆ ಬದಲಿಸಬೇಕಾಗಿಲ್ಲ.

ಅವರ ಫ್ರೆಂಚ್ ಕೇಳಿ ಪ್ಯಾರಿಸಿನವರು ತಬ್ಬಿಬ್ಬಾಗುತ್ತಾರೆ. 17ನೇ ಶತಮಾನದ ಹಳ್ಳಿಗರ ಮಾತು, ಮೇಲೆ ಇಂಗ್ಲಿಷಿನ ಒಗ್ಗರಣೆ. ಹಿರಿಯರ ಎಣಿಕೆಯಲ್ಲಿ ಎಪ್ಪತ್ತು, ಎಂಬತ್ತು, ತೊಂಬತ್ತಕ್ಕೆ ಫ್ರಾನ್ಸಿನ ಪುಸ್ತಕದಲ್ಲಿ ಇಲ್ಲದ ಹಳೇ ಪದಗಳು. ಬಹಳ ಕಾಲ ಇದಕ್ಕೆ ನಾಚಿಕೊಳ್ಳುತ್ತಿದ್ದರು. ಈಗಿನ ಹುಡುಗರು ಅದೇ ಮಾತಿನಲ್ಲಿ ರ‍್ಯಾಪ್ ಹಾಡುತ್ತಾರೆ, ಕ್ವಿಬೆಕ್ಕಿನವರು ಟಿಕೆಟ್ ತೆಗೆದು ಕೇಳುತ್ತಾರೆ. 1990ರಲ್ಲಿ ಶುರುವಾದ ಊರಿನ ರೇಡಿಯೊದಲ್ಲಿ ಹವಾಮಾನ, ಮರಣವಾರ್ತೆ ಎಲ್ಲ ಅದೇ ಧಾಟಿಯಲ್ಲಿ. ತಮಾಷೆ ಅಂದರೆ, ಇಲ್ಲಿನ ವಿಶ್ವವಿದ್ಯಾಲಯಕ್ಕೆ ಬೇಸಿಗೆಯಲ್ಲಿ ಫ್ರೆಂಚ್ ಕಲಿಯಲು ಬರುವ ಇಂಗ್ಲಿಷ್ ಹುಡುಗರು ಹಗಲೂ ರಾತ್ರಿ ಫ್ರೆಂಚ್ ಮಾತ್ರ ಆಡುತ್ತೇವೆ ಅಂತ ಸಹಿ ಹಾಕಬೇಕು. ತರಗತಿಯಲ್ಲಿ ಕಲಿಯುವುದು ಒಂದು ಫ್ರೆಂಚ್, ಅಂಗಡಿಯಲ್ಲಿ ಕಿವಿಗೆ ಬೀಳುವುದು ಇನ್ನೊಂದು.

ಇವರ ಹೆಮ್ಮೆಯ ತಿಂಡಿ ರಾಪ್ಯೂರ್. ಆಲೂಗಡ್ಡೆಯನ್ನು ಹಸಿಯಾಗಿ ತುರಿದು, ಬಟ್ಟೆಯಲ್ಲಿ ಕಟ್ಟಿ, ನೀರೂ ಗಂಜಿಯೂ ಹೋಗುವ ಹಾಗೆ ಬಿಗಿಯಾಗಿ ಹಿಂಡುತ್ತಾರೆ. ಆ ಒಣ ತುರಿಗೆ ಕುದಿಯುವ ಕೋಳಿ ಸಾರನ್ನು ಸ್ವಲ್ಪ ಸ್ವಲ್ಪ ಹೊಯ್ದು ತಿರುವಿದರೆ ಅಂಟಂಟಾದ ಬೂದುಬಣ್ಣದ ಹಿಟ್ಟು. ತಟ್ಟೆಗೆ ಅರ್ಧ ಹರಡಿ, ನಡುವೆ ಕೋಳಿ ಇಲ್ಲವೇ ಮರುವಾಯಿ ಮಾಂಸ, ಈರುಳ್ಳಿ ಇಟ್ಟು, ಉಳಿದರ್ಧ ಮುಚ್ಚಿ, ಒವನ್ನಿನಲ್ಲಿ ಮೇಲ್ಪದರ ಗರಿಗರಿ ಕಂದು ಆಗುವವರೆಗೆ ಎರಡು ಗಂಟೆಯೋ ಜಾಸ್ತಿಯೋ ಬೇಯಿಸುತ್ತಾರೆ. ಮೇಲೆ ಬೆಣ್ಣೆ ಅಥವಾ ಕಾಕಂಬಿ. ಯಾವುದು ಸರಿ ಅಂತ ಮನೆ ಮನೆಗೆ ಜಗಳ. ನೋಡಲು ಚೆನ್ನಾಗಿಲ್ಲ, ಒಪ್ಪುತ್ತೇನೆ. ಒಳಗಿನ ಜಿಗುಟು ಎಲ್ಲರಿಗೂ ಹಿಡಿಸುವುದಿಲ್ಲ. ಆ ಗರಿಗರಿ ಅಂಚಿಗೋಸ್ಕರ ನಾನು ದೂರದ ದಾರಿಯನ್ನೂ ಸಹಿಸುತ್ತೇನೆ.

ಊರಿಗೆ ವಯಸ್ಸಾಗುತ್ತಿದೆ. ಯುವಕರು ಹೊರಗೆ ಹೋಗುತ್ತಾರೆ. ಅದಕ್ಕೇ ಫ್ರೆಂಚ್ ಬಲ್ಲ ವಲಸಿಗರನ್ನು ಬರಮಾಡಿಕೊಳ್ಳುವ ಕೇಂದ್ರ ಸರ್ಕಾರದ ಯೋಜನೆಗೆ ಆಯ್ದುಕೊಂಡ ಊರುಗಳಲ್ಲಿ ಕ್ಲೇರ್ ಕೂಡ ಒಂದು. ವಿಶ್ವವಿದ್ಯಾಲಯಕ್ಕೆ ಆಫ್ರಿಕಾದಿಂದ ಹುಡುಗ ಹುಡುಗಿಯರು ಬರುತ್ತಾರೆ, ಕೆಲವರು ಉಳಿದುಕೊಳ್ಳುತ್ತಾರೆ. 2024ರ ಆಗಸ್ಟಿನಲ್ಲಿ ಜಗತ್ತಿನ ಅಕೇಡಿಯನ್ನರ ಮಹಾಮೇಳ ಕ್ಲೇರ್ ಮತ್ತು ಪಕ್ಕದ ಆರ್ಗೈಲಿನಲ್ಲಿ ನಡೆಯಿತು. ಗಡೀಪಾರಾದವರ ಸಂತತಿ ಇರುವ ಅಮೆರಿಕದ ಲೂಯಿಸಿಯಾನದಿಂದಲೂ ಅದೇ ಮನೆತನದ ಹೆಸರು ಹೊತ್ತವರು ಬಂದಿದ್ದರು. ಆದರೆ ಮೇಳಕ್ಕೆ ಬಂದವರು ವಾಪಸ್ ಹೋಗುತ್ತಾರೆ. ನಾಳೆ ಶಾಲೆಯ ಬೆಂಚು ತುಂಬಬೇಕಾದವರು ಕಸಬ್ಲಾಂಕಾದಿಂದ, ಡಕಾರಿನಿಂದ ಬಂದವರ ಮಕ್ಕಳೇ.

ಹೋದ ಸಲ ರಸ್ತೆ ಬದಿಯ ಒಂದು ಅಂಗಡಿಯಲ್ಲಿ ಕೌಂಟರಿನ ಹಿಂದೆ ಇದ್ದದ್ದು ಮೊರೊಕ್ಕೊ ಕಡೆಯ ಹುಡುಗಿ. ನನ್ನ ಮುಂದೆ ರಬ್ಬರ್ ಬೂಟಿನ ಒಬ್ಬ ಮುದುಕ. ಅವನು ಏನೋ ಕೇಳಿದ, ಅವಳಿಗೆ ತಿಳಿಯಲಿಲ್ಲ. ಅವಳು ಕೇಳಿದ್ದು ಅವನಿಗೆ ತಿಳಿಯಲಿಲ್ಲ. ಇಬ್ಬರೂ ನಕ್ಕರು, ಮತ್ತೆ ಮತ್ತೆ ಹೇಳಿದರು, ಬೆರಳು ತೋರಿಸಿದರು. ಕೊನೆಗೂ ಅವನಿಗೆ ಬೇಕಾದದ್ದು ಸಿಕ್ಕಿತು. ಅಷ್ಟರಲ್ಲಿ ಹಿಂದೆ ನಾಲ್ಕು ಜನರ ಸಾಲು. ಒಂದು ಸಲವೂ ಇಬ್ಬರಲ್ಲಿ ಒಬ್ಬರೂ ಇಂಗ್ಲಿಷಿಗೆ ಹೋಗಲಿಲ್ಲ. ಆಮೇಲೆ ನನ್ನ ಸರದಿ. ಒಂದು ಪ್ಯಾಕೆಟ್ ರಾಪ್ಯೂರ್ ಕೊಡಿ ಅಂತ ನಾನೇ ಇಂಗ್ಲಿಷಿನಲ್ಲಿ ಕೇಳಿದೆ.